ಪೇಟಿ ಮಾಸ್ತರರ ಜೊತೆ ಒಂದು ಪದ

ನನ್ನ ಪದ ರೆಕಾರ್ಡ್ ಆಯಿತು. ಹಡಪಸರದ ನಮ್ಮ ಮನೆಯಲ್ಲೇ, ಇವತ್ತು ಮಧ್ಯಾಹ್ನ, ಪೇಟಿ ಮಾಸ್ತರರ ವಾದನಕ್ಕೆ ನಾನು ನಮ್ಮವ್ವನ ತೊಟ್ಟಿಲ ಪದ ಹಾಡಿದೆ. ಮಾಸ್ತರರು ತೀರಿಕೊಂಡು ವರ್ಷಗಳೇ ಆದವು. ಮತ್ತೆ ನುಡಿಸಿದ್ದು ಹೇಗೆ ಅಂತೀರಾ? ಹೇಳುತ್ತೇನೆ. ಖುಷಿಗೆ ಮಾತು ಹಿಂದುಮುಂದಾದರೆ ನೀವೇ ಸರಿಮಾಡಿಕೊಳ್ಳಿ, ನಾನು ಹೆಚ್ಚು ಶಾಲೆ ಕಂಡವಳಲ್ಲ.

ಬೆಳಗ್ಗೆ ಮೊಮ್ಮಗಳು ಹಳೆಯ ಕಂಪ್ಯೂಟರಿನ ಹಿಂದಿನಿಂದ ಒಂದು ಕರಿ ವೈರು ಎಳೆದಳು. ತುದಿಗೆ ದುಂಡನೆಯ ಪಿನ್ನು, ಅದರೊಳಗೆ ಐದು ಸಣ್ಣ ಕಡ್ಡಿ. ಅದರ ಧೂಳು ಒರೆಸುವಾಗ ಮಾಸ್ತರರ ಖೋಲಿಯೇ ಕಣ್ಣ ಮುಂದೆ ಬಂತು...

ಸಾಲು ಖೋಲಿಗಳ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿ ಅವರದು. ನಮ್ಮಂತೆ ಕಲಬುರಗಿ ಕಡೆಯಿಂದ ದುಡಿಯಲು ಬಂದವರು. ನಾನು ಕಟ್ಟಡದ ಕೆಲಸ ಮುಗಿಸಿ ಕೈಕಾಲಿನ ಸಿಮೆಂಟು ತೊಳೆಯುವ ಹೊತ್ತಿಗೆ ಅವರು ಹಾರ್ಮೋನಿಯಂ ಪೇಟಿ ಹೊತ್ತು ಭಜನೆಗೆ ಹೊರಡುತ್ತಿದ್ದರು. ಒಂದು ಚಳಿಗಾಲ ಲಕ್ವಾ ಹೊಡೆದು ಎಡಗೈ ಬಿದ್ದುಹೋಯಿತು. ಬಲಗೈ ನುಡಿಸುತ್ತದೆ ಸರಿ, ಗಾಳಿ ಹಾಕುವ ಕೈ ಇಲ್ಲದಿದ್ದರೆ ಪೇಟಿ ಉಸಿರಾಡುವುದು ಹೇಗೆ? ಭಜನೆಗೆ ಹೋಗುವುದನ್ನೇ ಬಿಟ್ಟರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಹಟ ಹಿಡಿದು ಯಾರೋ ಬಳಸಿ ಬಿಟ್ಟ ಸಿಂಥಸೈಜರ್ ತರಿಸಿದರು. ಅದಕ್ಕೆ ಗಾಳಿ ಬೇಡ, ಕರೆಂಟು ಸಾಕು. ಆದರೂ ನುಡಿಸುವಾಗ ಮಾಸ್ತರರ ಎಡಭುಜ ರೂಢಿಯಂತೆ ಹಿಂದೆಮುಂದೆ ಆಡುತ್ತಿತ್ತು.

"ಯಾಕ್ರಿ, ಕರೆಂಟಿಗೂ ಗಾಳಿ ಹಾಕ್ತೀರೇನು?" ಎಂದು ಅಕ್ಕ ಚೇಷ್ಟೆ ಮಾಡಿದರೆ ಅವರೂ ನಗುತ್ತಿದ್ದರು.

ಆಮೇಲೆ ಕಂಪ್ಯೂಟರೂ ಬಂತು. ಆ ಕರಿ ವೈರಿನಿಂದ ಎರಡನ್ನೂ ಜೋಡಿಸಿ, ಮೊದಲು ಬಲಗೈಯಿಂದ ಹಾಡಿನ ಧಾಟಿ ನುಡಿಸಿಡುವರು. ಕಂಪ್ಯೂಟರು ಅದನ್ನು ಮತ್ತೆ ನುಡಿಸುವಾಗ ಅದೇ ಬಲಗೈಯಿಂದ ಕೆಳಗಿನ ಸುರ ಸೇರಿಸುವರು. ಎರಡು ಕೈಯ ವಾದನವೇ. ಮೊದಲ ಸಲ ಹಾಗೆ ಕೇಳಿದ ದಿನ ಅವರು ಅದನ್ನೇ ಮತ್ತೆ ಮತ್ತೆ ಹಚ್ಚಿ ಕೇಳಿದರು...

ಆಗ ಈ ಮೊಮ್ಮಗಳು ತೊಟ್ಟಿಲ ಕೂಸು. ನಾನು ಇವಳಿಗೆ ಹಾಡುವ ಪದವನ್ನು ಗೋಡೆಯಾಚೆಯಿಂದಲೇ ಕೇಳಿ ಕೇಳಿ ಅದನ್ನೂ ನುಡಿಸಿಟ್ಟರು. "ಇದಕ್ಕ ನಿನ್ನ ದನಿನೇ ಬೇಕವ್ವ. ಮೈಕ್ ತರ್ತೀನಿ, ಹಾಡು" ಎಂದಿದ್ದರು. ಮೈಕ್ ಬರುವ ಮೊದಲೇ ಅವರು ಹೋದರು. ಅಕ್ಕ ಎಲ್ಲ ಸಾಮಾನು ನಮಗೆ ಕೊಟ್ಟು ಲೋಣಾವಳಾದಲ್ಲಿರುವ ಮಗಳ ಮನೆ ಸೇರಿದರು. ನಾನು ಬಟ್ಟೆ ಮುಚ್ಚಿ ಕಾಪಾಡಿಕೊಂಡು ಬಂದೆ.

ಈಗ ಮೊಮ್ಮಗಳು ಮೈಕ್ ತಂದಿದ್ದಾಳೆ. ಅಕ್ಕನನ್ನೂ ಕರೆಸಿದ್ದೆವು. ವೈರಿನಿಂದ ಸಿಂಥಸೈಜರಿಗೆ ಜೋಡಿಸಿದಳು, ಕಂಪ್ಯೂಟರು ತೆರೆಯಿತು, ಪದ ಅಲ್ಲೇ ಇತ್ತು. ಆದರೆ ಶ್ರುತಿ ನನ್ನ ಆಗಿನ ಗಂಟಲಿನದು. ಮೇಲಿನ ಸುರದ ಸಾಲಿಗೆ ದನಿ ಒಡೆಯಿತು. ಇನ್ನೊಮ್ಮೆ ಹಾಡಿದೆ, ಮತ್ತೆ ಒಡೆಯಿತು. ನನ್ನ ಕೈಲಾಗದು, ಬಿಡು ಎಂದೆ.

"ತಡಿ ಆಯಿ," ಎಂದಳು ಮೊಮ್ಮಗಳು. "ಇದರಾಗ ಇರೋದು ಸದ್ದಲ್ಲ, ಮಾಸ್ತರ ಅಜ್ಜಾರ ಬೆರಳು. ಯಾವ ಸುರ ಒತ್ತಿದ್ರು, ಎಷ್ಟೊತ್ತು ಒತ್ತಿದ್ರು, ಅಷ್ಟೇ ಅದ. ಆ ಬೆರಳನ್ನ ಒಂದಿಷ್ಟು ಕೆಳಗ ಸರಿಸ್ತೀನಿ."

ಸರಿಸಿದಳು. ನಡೆ ಅದೇ. ಸಾಲಿನ ಕೊನೆಗೆ ಅವರು ಚೂರು ತಡೆದು ಬಿಡುತ್ತಿದ್ದದ್ದೂ ಅದೇ. ನನ್ನ ಈ ಮುಪ್ಪಿನ ದನಿಯನ್ನು ಮಾಸ್ತರರು ಎಂದೂ ಕೇಳಿದವರಲ್ಲ, ಆದರೂ ಅದರ ಪಕ್ಕಕ್ಕೇ ಇಳಿದು ಬಂದು ಕೂತಂತಾಯಿತು. ಕೊನೆಯ ಸಾಲಿನವರೆಗೂ ಹಾಡಿದೆ. ಎಲ್ಲೂ ಒಡೆಯಲಿಲ್ಲ.

ಅಕ್ಕ ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಹಚ್ಚವ್ವ" ಎಂದು ಮೊಮ್ಮಗಳಿಗೆ ಹೇಳಿದರು.

ಸಂಜೆ ಮಗ, ಸೊಸೆ ಕೆಲಸದಿಂದ ಬಂದ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ. ಮೈಕ್ ತರುತ್ತೇನೆಂದವರೇ ಕೇಳಲಿಕ್ಕೆ ಇಲ್ಲವಲ್ಲ... ಆ ಕೊರತೆ ತುಂಬುವುದಲ್ಲ. ಮಗ ಮಾತ್ರ, ಯಾರೋ ದೊಡ್ಡ ಗಾಯಕಿ ಹಾಡಿದ ಹಾಗದ, ಹೆಸರೇನು ಎಂದು ನನ್ನನ್ನು ಕಾಡಿಸುತ್ತಲೇ ಇದ್ದ.

"ಗಾಯಕಿ ಹಸಿದಾಳಪ್ಪ, ಉಣ್ಣಲಿ ಬಿಡು" ಎಂದು ಅಕ್ಕ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ತಾವೂ ಒಂದು ಹಾಕಿಕೊಂಡರು.