ಹಿಂದಿನ ಎರಡು ಸ್ಪೀಕರ್

ಮಂಜೇಶ್ವರದ ಜಾಯ್ಸ್ ಎಡಪ್ಪಳ್ಳಿಯ ಸಣ್ಣ ಸ್ಟುಡಿಯೋ ಒಂದರಲ್ಲಿ ಒಂಬತ್ತು ವರ್ಷಗಳಿಂದ ಸಿನಿಮಾಗಳಿಗೆ ಧ್ವನಿ ಹೊಂದಿಸುತ್ತಿದ್ದಳು. ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಚಿಕ್ಕ ಕೋಣೆ. ಮುಂದೆ ಮೂರು ಸ್ಪೀಕರ್, ಬೆನ್ನ ಹಿಂದೆ ಎರಡು. ಅಲ್ಲಿ ಕೂತು ಕಡಲನ್ನೂ ಪೇಟೆಯನ್ನೂ ಪ್ರೇಕ್ಷಕರ ಸುತ್ತ ಸದ್ದಿನಲ್ಲೇ ನಿಲ್ಲಿಸುವುದು ಅವಳ ಕೆಲಸ.

ಆ ದಿನ ತಿರುವನಂತಪುರದ ಥಿಯೇಟರಿನಲ್ಲಿ ಅವಳ ಮೂರು ವಾರಗಳ ದುಡಿಮೆಯ ಪರೀಕ್ಷೆ. ಹನ್ನೊಂದಕ್ಕೆ ನಿರ್ಮಾಪಕರು ಬರುವವರಿದ್ದರು. ಹತ್ತಕ್ಕೆ ನಿರ್ದೇಶಕ ಶ್ರೀಹರಿ ಒಂದು ದೃಶ್ಯ ಹಾಕಿಸಿದ. ಪರದೆಯ ಮೇಲೆ ದೋಣಿ ಎಡಕ್ಕೆ ಸರಿದು ಮರೆಯಾಯಿತು. ಎಂಜಿನ್ನಿನ ಸದ್ದು ಮಾತ್ರ ಬಲಗಡೆ ಹಿಂದಿನಿಂದ ಬಂತು. ಶ್ರೀಹರಿ ಥಿಯೇಟರಿನ ಆಪರೇಟರ್ ಅಜಿತನನ್ನು ಗದರಿದ. ಅವನು ಪೆಚ್ಚಾಗಿ ವಯರ್ ನೋಡಲು ಓಡಿದ.

ತಪ್ಪು ಥಿಯೇಟರಿನದಲ್ಲ ಎಂದು ಜಾಯ್ಸ್‌ಗೆ ಹೊಳೆಯಿತು. ಸ್ವಲ್ಪ ಮೊದಲು ಅಜಿತ್ ಹಾಕಿದ್ದ ಬೇರೊಂದು ಚಿತ್ರದ ತುಣುಕು ಸರಿಯಾಗಿಯೇ ಕೇಳಿತ್ತು. ತಿಂಗಳ ಹಿಂದೆ ಸ್ಟುಡಿಯೋ ಕೋಣೆಗೆ ಬಣ್ಣ ಹೊಡೆಸುವಾಗ ಬಿಚ್ಚಿದ್ದ ಹಿಂದಿನ ಸ್ಪೀಕರ್‌ಗಳನ್ನು ಮಾಲೀಕ ವಿನಾಯಕನೇ ಅವಸರದಲ್ಲಿ ಜೋಡಿಸಿದ್ದ. ಎಡ ಯಾವುದು, ಬಲ ಯಾವುದು ಎಂದು ಅವಳು ಒಮ್ಮೆಯೂ ನೋಡಿರಲಿಲ್ಲ.

ಪಕ್ಕದಲ್ಲಿದ್ದ ವಿನಾಯಕ್ ಮೆಲ್ಲಗೆ ಹೇಳಿದ: "ಸುಮ್ಮನಿರಿ. ಥಿಯೇಟರಿನವರದ್ದೇ ತಪ್ಪು ಅಂತ ಆಗ್ಲಿ. ನಾವು ನಾಳೆ ಸರಿ ಮಾಡಿ ಕಳಿಸುವ."

ಅಜಿತ್ ಬೆವರುತ್ತಾ ವಾಪಸು ಬಂದ. ಶ್ರೀಹರಿ ಥಿಯೇಟರಿನ ಮ್ಯಾನೇಜರಿಗೆ ಫೋನ್ ಮಾಡಲು ಹೊರಟ. ಜಾಯ್ಸ್ ಎದ್ದು ನಿಂತಳು.

"ಅಜಿತನನ್ನು ಬಿಡಿ ಸಾರ್," ಎಂದು ಮಲೆಯಾಳದಲ್ಲಿ ಹೇಳಿದಳು. "ನಮ್ಮ ಕೋಣೆಯಲ್ಲಿ ಹಿಂದಿನ ಸ್ಪೀಕರ್ ಅದಲುಬದಲಾಗಿತ್ತು. ನಾನು ನೋಡಲಿಲ್ಲ. ತಪ್ಪು ನನ್ನದು."

ಶ್ರೀಹರಿ ಅವಳನ್ನೇ ದಿಟ್ಟಿಸಿ, ಸರಿಮಾಡಲು ಎಷ್ಟು ದಿನ ಬೇಕೆಂದು ಕೇಳಿದ. ನಲವತ್ತು ನಿಮಿಷ ಎಂದಳು. ಲ್ಯಾಪ್‌ಟಾಪಿನಲ್ಲಿ ಹಿಂದಿನ ಎರಡು ಸ್ಪೀಕರಿನ ಧ್ವನಿಗಳನ್ನು ಅದಲುಬದಲು ಮಾಡಿ ಇಡೀ ಚಿತ್ರವನ್ನು ಮತ್ತೆ ಹೊರತೆಗೆಯಬೇಕಿತ್ತು. ನಿರ್ಮಾಪಕರು ಬಂದರು, ಚಹಾ ಕುಡಿದರು, ಗಡಿಯಾರ ನೋಡಿದರು. ಹನ್ನೊಂದೂ ಹತ್ತಕ್ಕೆ ಅವಳು ಡಿಸ್ಕನ್ನು ಅಜಿತನ ಕೈಗಿಟ್ಟಳು.

ಈ ಸಲ ಸದ್ದು ದೋಣಿಯ ಬೆನ್ನಿಗೇ ಎಡಕ್ಕೆ ಹೋಯಿತು. ಚಿತ್ರ ಮುಗಿದ ಮೇಲೆ ಶ್ರೀಹರಿ ಒಂದು ಮಾತಿನ ಧ್ವನಿ ಏರಿಸಲು ಹೇಳಿದ, ಅಷ್ಟೇ.

ವಾಪಸಿನ ರೈಲು ಕೊಲ್ಲಂ ದಾಟಿತು. ವಿನಾಯಕ್ ಕೇಳಿದ: "ವಯರ್ ಸಿಕ್ಕಿಸಿದ್ದು ನಾನು. ಅದನ್ಯಾಕೆ ಹೇಳ್ಲಿಲ್ಲ?"

"ನೋಡ್ಬೇಕಾದದ್ದು ನನ್ನ ಕೆಲ್ಸ ಅಲ್ವಾ."

ಬೆಳಿಗ್ಗೆಯಿಂದ ತಾನು ಏನೂ ತಿಂದಿಲ್ಲವೆಂಬುದು ಜಾಯ್ಸ್‌ಗೆ ಆಗ ನೆನಪಾಯಿತು. ಬಾಳೆಹಣ್ಣು ಕರಿದ ಬಿಸಿ ಪಳಂಪೊರಿ ಮಾರುವವನನ್ನು ಕರೆದು ಎರಡು ಕೊಂಡು, ಒಂದನ್ನು ವಿನಾಯಕನತ್ತ ಚಾಚಿದಳು.