ಕ್ಲಚ್ ಕೇಬಲ್ ಮತ್ತು ನನ್ನ ಎಡಗಾಲು

ಬೆಳಗಾವಿಯ ಹಿಂದವಾಡಿಯಲ್ಲಿರುವ ನಮ್ಮ ಮನೆಗೆ ಯಾರೇ ಹೊಸಬರು ಬಂದರೂ ಅಪ್ಪ ಅವರನ್ನು ಮೊದಲು ಶೆಡ್ಡಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಅವರ ಕೆಂಪು ಸ್ಪೋರ್ಟ್ಸ್ ಕಾರು ನಿಂತಿರುತ್ತಿತ್ತು. ಎರಡೇ ಸೀಟು, ಬಟ್ಟೆಯ ಟಾಪು, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳು. ಕ್ಯಾಂಪಿನಲ್ಲಿದ್ದ ಮಿಲಿಟರಿ ಅಧಿಕಾರಿಯೊಬ್ಬರು ಊರು ಬಿಡುವಾಗ ಅಪ್ಪನಿಗೆ ಕೊಟ್ಟು ಹೋದ ವಿಲಾಯತಿ ಗಾಡಿ. ಬಂದವರು ಬಾನೆಟ್ ಸವರಿ, ಹಾರ್ನ್ ಒತ್ತಿ ನೋಡಿದ ಮೇಲೆ ಅಪ್ಪ ನನ್ನ ಕಡೆ ಕೈ ತೋರಿಸುತ್ತಿದ್ದರು. "ಇದರ ಗೇರ್‌ಬಾಕ್ಸ್ ತಿಂದದ್ದು ನಮ್ಮ ಮಗಳ ಎಡಗಾಲು ನೋಡ್ರಿ." ಎಲ್ಲರೂ ನಗುತ್ತಿದ್ದರು. ನನ್ನನ್ನು ನೋಡಲು ಬಂದ ವರನ ಕಡೆಯವರೂ ನಕ್ಕು, ಉಪ್ಪಿಟ್ಟು ತಿಂದು ಹೋದರು. ನಾನು ಮದುವೆಯಾಗಲಿಲ್ಲ, ಅದು ಬೇರೆ ಕತೆ.

ಆ ಕಾಲು ಮಾಡಿದ ಅಪರಾಧ ಇಷ್ಟೇ. ಮೂವತ್ತು ವರ್ಷದ ಹಿಂದೆ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ನನಗೆ ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ಡ್ರಾಫ್ಟಿಂಗ್ ಕೆಲಸಕ್ಕೆ ಸಂದರ್ಶನವಿತ್ತು. ಬಸ್ಸಿಗೆ ಹೋಗು ಎಂದು ಅವ್ವ ಬಡಿದುಕೊಂಡಳು. ನಾನು ಹಟ ಹಿಡಿದು ಆ ಕಾರು ಒಯ್ದೆ. ಓಡಿಸಲು ಚೆನ್ನಾಗಿಯೇ ಬರುತ್ತಿತ್ತು, ಜಂಬದಿಂದಲೇ ಹೇಳುತ್ತೇನೆ. ದೇಸೂರು ದಾಟಿದ ಮೇಲೆ ಗೇರು ಬದಲಿಸಿದಾಗಲೆಲ್ಲ ಕರಕರ ಸದ್ದು ಶುರುವಾಯಿತು. ಖಾನಾಪುರದ ಪೇಟೆಯೊಳಗೆ, ಸಂತೆಯ ಜನದ ನಡುವೆ, ಯಾವ ಗೇರೂ ಬೀಳದೆ ಗಾಡಿ ನಿಂತೇಬಿಟ್ಟಿತು. ನಾಲ್ಕು ಜನ ಸೇರಿ ಅದನ್ನು ಸ್ಟೇಷನ್ ರಸ್ತೆಯ ಗ್ಯಾರೇಜಿಗೆ ದಬ್ಬಿದರು. ನಾನು ಬೆವರು ಒರೆಸಿಕೊಂಡು ಕಾರ್ಖಾನೆಗೆ ನಡೆದು ಹೋಗುವಷ್ಟರಲ್ಲಿ ಕೆಲಸ ಬೇರೊಬ್ಬನಿಗೆ ಸಿಕ್ಕಾಗಿತ್ತು.

ಫೋನು ಮಾಡಿದ ಮೇಲೆ ಅಪ್ಪ ಬಸ್ಸಿಗೆ ಬಂದರು. ಅವರೂ ಗ್ಯಾರೇಜಿನ ಮಿಸ್ತ್ರಿಯೂ ಬಾನೆಟ್ಟಿನೊಳಗೆ ತಲೆ ಹಾಕಿ ಬಹಳ ಹೊತ್ತು ಮಾತಾಡಿದರು. ನನ್ನನ್ನು ದೂರದ ಬೆಂಚಿನ ಮೇಲೆ ಕೂರಿಸಿದ್ದರು. ಆಮೇಲೆ ಅಪ್ಪ ಕೈ ಒರೆಸಿಕೊಳ್ಳುತ್ತ ಬಂದು, ನೆರೆದ ಜನರೆದುರೇ ಹೇಳಿದರು. "ಕ್ಲಚ್ ಮ್ಯಾಲೆ ಕಾಲಿಟ್ಟಾಕಿ ತಗದೇ ಇಲ್ಲ. ಗೇರ್‌ಬಾಕ್ಸ್ ತಿಂದಿ." ನಾನು ನಂಬಿದೆ. ನನ್ನನ್ನು ಬಸ್ಸು ಹತ್ತಿಸಿ ಅವರು ಗಾಡಿಯನ್ನು ಹೇಗೋ ಮನೆ ಮುಟ್ಟಿಸಿದರು; ಆಮೇಲೆ ಆಗಾಗ ಎಂಜಿನ್ ಶುರು ಮಾಡಿ ನೋಡಿದ್ದು ಬಿಟ್ಟರೆ ಅದು ಶೆಡ್ಡಿನಲ್ಲೇ ನಿಂತಿತು. ಆವತ್ತಿನಿಂದ ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಲಿಲ್ಲ. ಬೆಳಗಾವಿಯಲ್ಲೇ ಅಪ್ಪನ ಪರಿಚಯದವರ ಫೌಂಡ್ರಿಯಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತೆ, ಕಂಪನಿಯ ಬಸ್ಸಿನಲ್ಲಿ ಹೋಗಿ ಬಂದೆ, ಹೋದ ವರ್ಷ ಆ ಕೆಲಸ ಬಿಟ್ಟೆ.

ಈ ವರ್ಷ ದಸರೆಯ ಆಯುಧಪೂಜೆಗೆ ಇನ್ನೂ ತಿಂಗಳಿರುವಾಗ ಅಪ್ಪನಿಗೆ ಹೊಸ ಹುಕಿ ಬಂತು. ಈಗ ಅವರಿಗೆ ಎಂಬತ್ತನಾಲ್ಕು. "ಈ ಸಲ ಖಂಡೇಪೂಜಿಗೆ ಗಾಡಿ ಅಂಗಳಕ್ಕ ಬರಬೇಕು. ತನ್ನ ಕಾಲ ಮ್ಯಾಲೆ ತಾ ಬರಬೇಕು, ದಬ್ಬಿ ತರೂದಲ್ಲ" ಎಂದರು. ಊರಿನದೇ ಶಹಾಪುರ ಪೇಟೆಯಲ್ಲಿ ಅಂಗಡಿ ಇಟ್ಟಿರುವ ಅಣ್ಣ, ಅದನ್ನು ಗುಜರಿಗೆ ಹಾಕಿ ಎಂದು ಫೋನು ಇಟ್ಟ. ಉಳಿದವಳು ನಾನು. ಗೇರ್‌ಬಾಕ್ಸ್ ತಿಂದವಳೇ ರಿಪೇರಿಯನ್ನೂ ಮಾಡಲಿ ಎಂದುಕೊಂಡು ಶೆಡ್ಡಿಗೆ ಹೋದೆ. ಮೈಯೆಲ್ಲ ಉರಿಯುತ್ತಿತ್ತು.

ಹೊಸ ಬ್ಯಾಟರಿ ಹಾಕಿಸಿದ ಮೇಲೆ ಎಂಜಿನ್ ಸ್ವಲ್ಪ ಕೆಮ್ಮಿ ಶುರುವಾಯಿತು. ರಿವರ್ಸ್ ಹಾಕಲು ಹೋದರೆ ಅದೇ ಕರಕರ. ಎಂಜಿನ್ ಬಂದ್ ಮಾಡಿ ಹಾಕಿ ನೋಡಿದೆ. ನಾಲ್ಕೂ ಗೇರು, ರಿವರ್ಸ್ ಸಹಿತ, ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ಸಲೀಸಾಗಿ ಬಿದ್ದವು. ಹಲ್ಲು ಮುರಿದ ಗೇರ್‌ಬಾಕ್ಸ್ ಹೀಗಿರುವುದಿಲ್ಲ. ಅಂದರೆ ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಬಿಡುತ್ತಿಲ್ಲ. ಸೀಟಿಗೂ ಪೆಡಲಿಗೂ ನಡುವೆ ಅಡುಗೆಮನೆಯ ಲಟ್ಟಣಿಗೆ ಸಿಕ್ಕಿಸಿ, ಕೆಳಗೆ ಗೋಣಿಚೀಲ ಹಾಸಿ ಮಲಗಿ ನೋಡಿದೆ. ಪೆಡಲ್ ಎಳೆದ ಕೇಬಲ್, ಆ ತುದಿಯ ಕ್ಲಚ್ ಸನ್ನೆಕೋಲನ್ನು ಅರ್ಧ ಬೆರಳಿನಷ್ಟೂ ಎಳೆದಿರಲಿಲ್ಲ. ಎಳೆಗಳು ಒಂದೊಂದಾಗಿ ಹರಿದು ಮುಳ್ಳಿನಂತೆ ಎದ್ದಿದ್ದವು. ಬಿಗಿ ಮಾಡುವ ನಟ್ಟು ತಿರುಪಿನ ಚೂಡಿಯ ಕೊನೆಗೆ ಬಂದು ನಿಂತಿತ್ತು. ಅಷ್ಟಾದರೂ ಉಳಿದ ಸಡಿಲು ತೆಗೆಯಲು ಯಾರೋ ಹಿತ್ತಾಳೆ ಪೈಪಿನ ಒಂದು ತುಂಡನ್ನು ಉದ್ದಕ್ಕೆ ಸೀಳಿ, ಕೇಬಲ್ಲಿನ ಕವಚದ ತುದಿಗೆ ಸಿಕ್ಕಿಸಿದ್ದರು. ಅಂಚನ್ನು ಅರದಿಂದ ಚೆಂದಾಗಿ ಉಜ್ಜಿದ್ದರು. ಅಷ್ಟು ನಯ ಅಪ್ಪನ ಕೈಯದಲ್ಲ.

ಕೇಬಲ್ ಬಿಚ್ಚಿ ಊರಿನ ಒಂದು ವರ್ಕ್‌ಶಾಪಿಗೆ ಒಯ್ದೆ. ಅಲ್ಲಿಯವನು ಅದನ್ನು ನೋಡಿ, "ನಮೂನಿ ಇಟ್ಟು ಹೋಗ್ರಿ ಮೇಡಮ್, ಇದ್ದಂಗ ಮಾಡಿ ಕೊಡತೇವಿ. ಕೂದಲೆಳಿ ಫರಕ ಬರಂಗಿಲ್ಲ" ಎಂದ. ನಮ್ಮ ಊರಿನ ಹೆಮ್ಮೆಯೇ ಅದು. ಯಾವ ದೇಶದ ಯಾವ ಬಿಡಿಭಾಗವಿರಲಿ, ಹಳೆಯದನ್ನು ಕೊಟ್ಟರೆ ಸಂಜೆಯೊಳಗೆ ಅದರ ಜೋಡಿ ತಯಾರು. ಆದರೆ ಜೀವಮಾನವೆಲ್ಲ ಅಳತೆ ಬರೆದ ನನಗೆ 'ಇದ್ದಂಗ' ಎಂಬ ಮಾತು ತಲೆಯಲ್ಲಿ ಕೊರೆಯತೊಡಗಿತು. ಇದು ಎಳೆದು ಎಳೆದು ಜಗ್ಗಿದ ಕೇಬಲ್. ಇದರ ಹಾಗೆ ಮಾಡಿದರೆ ಹೊಸದು ಹುಟ್ಟುವಾಗಲೇ ಜಗ್ಗಿದ್ದಾಗಿರುತ್ತದೆ. ನಾಳೆ ಬರುತ್ತೇನೆಂದು ಹೇಳಿ ಅದನ್ನು ವಾಪಸ್ ತಂದೆ.

ಅಪ್ಪ ಏನನ್ನೂ ಎಸೆಯುವವರಲ್ಲ. ಶೆಡ್ಡಿನ ಗೋಡೆಯಲ್ಲಿ ಹಳೆಯ ಎರಡು ಕೇಬಲ್ ನೇತಾಡುತ್ತಿದ್ದವು. ಮೊದಲನೆಯದು ಗಾಡಿಯ ಜೊತೆ ಬಂದದ್ದು. ಎರಡನೆಯದು ಅದರ ನಮೂನೆ ಕೊಟ್ಟು ಮಾಡಿಸಿದ್ದು. ನನ್ನ ಕೈಯಲ್ಲಿದ್ದ ಮೂರನೆಯದು ಎರಡನೆಯದರ ನಕಲು. ಮೂರರ ಒಳತಂತಿಯನ್ನೂ ಒಂದೇ ಮೊಳೆಗೆ ತೂಗುಹಾಕಿದೆ. ಎರಡನೆಯದು ಮೊದಲನೆಯದಕ್ಕಿಂತ ಅರ್ಧ ಬೆರಳು ಉದ್ದ, ಮೂರನೆಯದು ಒಂದು ಬೆರಳು. ಆ ಮೂರನೆಯದನ್ನು ಅಪ್ಪ ಹಾಕುವಾಗ ಟಾರ್ಚ್ ಹಿಡಿದವಳು ನಾನೇ. ಖಾನಾಪುರಕ್ಕೆ ಹೋಗುವ ಕೆಲವೇ ತಿಂಗಳ ಮುಂಚೆ. ಕಾಲು ಎಷ್ಟು ಒತ್ತಿದರೂ ಕ್ಲಚ್ ಬಿಡದಷ್ಟು ಉದ್ದದ ಕೇಬಲ್ ಅದು. ನಾನು ಗೋಡೆಯ ಮುಂದೆ ನಿಂತು ಅತ್ತೆ. ಐವತ್ತು ದಾಟಿದವಳು ಮೂರು ತಂತಿ ನೋಡಿ ಅಳುವುದು ಯಾರಿಗಾದರೂ ನಗೆಯ ವಿಷಯವೇ.

ಮರುದಿನ ಮೊದಲ ಕೇಬಲ್ಲಿನ ಅಳತೆಯಿಂದ, ಅದು ಜಗ್ಗಿರಬಹುದಾದ ಎರಡು ಮಿಲಿಮೀಟರ್ ಕಳೆದು, ಕಾಗದದ ಮೇಲೆ ಡ್ರಾಯಿಂಗ್ ಬರೆದು ಕೊಟ್ಟೆ. ನಮೂನಿ ಇಲ್ಲದೆ ಹೆಂಗ್ರಿ ಎಂದು ವರ್ಕ್‌ಶಾಪಿನವನು ಗೊಣಗಿದ. ಆದರೂ ಮಾಡಿಕೊಟ್ಟ. ಗ್ರೀಸ್ ಹಚ್ಚಿ, ರಬ್ಬರ್ ಬುಶ್ಶಿನಲ್ಲಿ ತೂರಿಸಿ, ಒಂದು ತುದಿ ಪೆಡಲಿಗೆ, ಇನ್ನೊಂದು ಸನ್ನೆಕೋಲಿಗೆ ಸಿಕ್ಕಿಸಿದೆ. ಪೆಡಲಿನ ಮೇಲ್ಭಾಗದಲ್ಲಿ ಸ್ವಲ್ಪ ಸಡಿಲು ಇರುವಂತೆ ನಟ್ಟು ಬಿಗಿದೆ. ಎಂಜಿನ್ ನಡೆಯುತ್ತಿರುವಾಗಲೇ ರಿವರ್ಸ್ ಸದ್ದಿಲ್ಲದೆ ಬಿತ್ತು. ಹಿತ್ತಾಳೆಯ ತುಂಡು ಬೇಕಾಗಲೇ ಇಲ್ಲ. ಅದನ್ನು ಪರ್ಸಿಗೆ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದೆ.

ಗ್ಯಾರೇಜು ಅಲ್ಲೇ ಇತ್ತು, ಈಗ ಬರೀ ಬೈಕುಗಳು. ಮುದುಕನಾದ ಮಿಸ್ತ್ರಿ ಹೊರಗೆ ಬೆಂಚಿನ ಮೇಲೆ ಬಿಸಿಲು ಕಾಯುತ್ತ ಕೂತಿದ್ದ. ಕೆಂಪು ಗಾಡಿ ಎಂದೊಡನೆ ಗುರುತು ಹಿಡಿದ. ತುಂಡನ್ನು ಕೈಗೆ ಕೊಟ್ಟೆ.

"ಇದು ನಾನs ಕೊಯ್ದು ಹಾಕಿದ್ದು, ತಂಗಿ. ಇನ್ನೂ ಐತೇನು?"

"ಯಾಕ ಹಾಕಿದ್ರಿ ಕಾಕಾ?"

"ಕೇಬಲ್ ಉದ್ದ ಆಗಿತ್ತಲ್ಲ. ನಿಮ್ಮ ಅಪ್ಪಾರಿಗೆ ಅವತ್ತs ಹೇಳಿದ್ನಿ, ಪೋರಿದು ಏನೂ ಚೂಕ್ ಇಲ್ಲರಿ, ಬ್ಯಾರೆ ಕೇಬಲ್ ಹಾಕಿಸ್ರಿ ಅಂತ."

"ಅವರೇನಂದ್ರು?"

ಮುದುಕ ತುಂಡನ್ನು ಧೋತರಕ್ಕೆ ಉಜ್ಜಿ ನನಗೆ ವಾಪಸ್ ಕೊಟ್ಟ. "ಅಕಿಗೆ ಹೇಳಬ್ಯಾಡ ಅಂದ್ರು. ಅಪ್ಪ-ಮಗಳ ನಡುವಿಂದು, ನಾ ಯಾಕ ಬಾಯಿ ಹಾಕಲಿ?"

ತಿರುಗಿ ಬರುವಾಗ ಬಸ್ಸಿನಲ್ಲಿ ಏನೇನೋ ಮಾತು ಜೋಡಿಸಿಕೊಂಡೆ. ಅಪ್ಪ ಪಡಸಾಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ತುಂಡನ್ನು ಪೇಪರಿನ ಮೇಲೆ ಇಟ್ಟೆ.

"ಖಾನಾಪುರದಾಂವ ಹಾಕಿದ್ದು" ಎಂದರು, ನಾನು ಕೇಳುವ ಮೊದಲೇ.

"ತಪ್ಪು ಕೇಬಲ್ಲಿಂದು ಅಂತ ಅಂವ ಹೇಳಿದ್ನಂತ."

"ಹೇಳಿದ್ದ."

"ಮತ್ತ ನನಗ್ಯಾಕ ಹೇಳಲಿಲ್ರಿ ಅಪ್ಪಾ?"

ಅವರು ಕನ್ನಡಕ ತೆಗೆದರು. ಮುಖದ ಮೇಲೆ ನಾಚಿಕೆಯ ಸುಳಿವೂ ಇರಲಿಲ್ಲ. "ಹೇಳಿದ್ರ ನೀ ಮತ್ತ ಗಾಡಿ ಒಯ್ತಿದ್ದಿ. ಆ ರಸ್ತಾದಾಗ ದಿನಾ ಒಬ್ಬಾಕಿ ಹೋಗಿ ಬರೂದು ನನಗ ಬ್ಯಾಡಾಗಿತ್ತು. ಬ್ಯಾಡಂದ್ರ ಕೇಳಾಕಿ ಅಲ್ಲ ನೀ. ಹಂಗ ಅಂದೆ, ನೀನs ಬಿಟ್ಟಿ." ಒಳ್ಳೆಯ ಕೆಲಸವೊಂದನ್ನು ಗಲಾಟೆಯಿಲ್ಲದೆ ಮುಗಿಸಿದ ಮನುಷ್ಯನ ದನಿ ಅದು. ನಾನು ಗೂಟದಿಂದ ಗಾಡಿಯ ಕೀಲಿ ತೆಗೆದುಕೊಂಡೆ.

ನಾನು ನೇರ ಶೆಡ್ಡಿಗೆ ಹೋಗಿ ಗಾಡಿಯಲ್ಲಿ ಕೂತೆ. ಅಂಗಳ ದಾಟಿ, ಗೇಟು ದಾಟಿ, ಖಾನಾಪುರದವರೆಗೂ ಓಡಿಸಿಕೊಂಡು ಹೋಗುತ್ತೇನೆ ಎಂಬ ಸಿಟ್ಟಿತ್ತು. ರಿವರ್ಸ್ ಹಾಕಿ ಪೆಡಲ್ ಬಿಟ್ಟೆ. ಗಾಡಿ ಒಮ್ಮೆ ಜಿಗಿದು ಬಂದ್ ಬಿತ್ತು. ಮತ್ತೆ ಶುರು ಮಾಡಿದೆ, ಮತ್ತೆ ಬಂದ್ ಬಿತ್ತು. ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು, ಮೂವತ್ತು ವರ್ಷ ಗಾಡಿ ಓಡಿಸದ ಎಡಗಾಲಿಗೆ ಒಂದೂ ನೆನಪಿರಲಿಲ್ಲ. ಮೂರನೆಯ ಸಲ ಗಾಡಿ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಾಗ ಪಡಸಾಲೆಯಿಂದ ಅಪ್ಪ, ನಿಜವಾದ ಅಕ್ಕರೆಯಿಂದ, "ಇರಲಿ ಬಿಡವಾ, ಅಣ್ಣ ಬಂದು ಹೊರಗ ತಗೀತಾನ" ಎಂದರು.

ನಾನು ಇಳಿದು ಹೋಗಿ ಕೀಲಿಯನ್ನು ಅವರ ಕೈಗೆ ಕೊಟ್ಟೆ. ಕೇಬಲ್ಲಿನಲ್ಲಿ ಈಗ ಯಾವ ದೋಷವೂ ಇರಲಿಲ್ಲ.