ಸಾತನೂರಿನ ತೊಟ್ಟಿಗೆ ಬಿದ್ದ ಸುಣ್ಣ

೨೦೨೨ರಲ್ಲಿ ನಾನು ಕನಕಪುರದಲ್ಲಿದ್ದೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲವು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದವಳು, ಆ ಹೊತ್ತಿಗೆ ಪಾಠ ಬಿಟ್ಟು ಮನೆಗಳ ಅಕ್ವೇರಿಯಂ ನೋಡಿಕೊಳ್ಳುವ ಕೆಲಸಕ್ಕೆ ಇಳಿದಿದ್ದೆ. ರಾಮನಗರ, ಚನ್ನಪಟ್ಟಣ, ಕನಕಪುರ ಸೇರಿ ಹದಿನಾಲ್ಕು ಮನೆಗಳು. ಹದಿಮೂರು ಸಿಹಿನೀರಿನವು. ಹದಿನಾಲ್ಕನೆಯದು ಸಾತನೂರಿನ ಹತ್ತಿರ, ಹಿಪ್ಪುನೇರಳೆ ತೋಟದ ಮನೆಯೊಂದರ ನಡುಮನೆಯಲ್ಲಿತ್ತು: ಎಂಟು ಅಡಿ ಉದ್ದ, ಸಾವಿರ ಲೀಟರ್ ಉಪ್ಪುನೀರು, ಒಳಗೆ ಜೀವಂತ ಹವಳ.

ಮನೆ ರಾಜಣ್ಣನವರದು. ಸರಕು ಹಡಗುಗಳಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, ಊರಿಗೆ ಮರಳಿ ರೇಷ್ಮೆ ಹುಳು ಸಾಕುತ್ತಿದ್ದರು. ಗಟ್ಟಿ ಹವಳ ಸಾಕಲು ಕಾನೂನು ಒಪ್ಪುವುದಿಲ್ಲ; ಅವರಲ್ಲಿದ್ದವು ಮೃದು ಹವಳಗಳು, ಅಣಬೆಯಂತೆ, ಬೆರಳುಗಳಂತೆ ನೀರಿನಲ್ಲಿ ತೂಗಾಡುವಂಥವು. ತೊಟ್ಟಿ ಕಟ್ಟಿದ್ದು ರಾಜಣ್ಣ. ದಿನವೂ ನೋಡಿಕೊಳ್ಳುತ್ತಿದ್ದದ್ದು ಅವರ ಹೆಂಡತಿ ಸುನಂದಮ್ಮ. ಉಪ್ಪಿನಂಶ ಅಳೆಯುವುದು, ಗಾಜು ಒರೆಸುವುದು, ಆವಿಯಾದಷ್ಟು ನೀರು ತುಂಬುವುದು ಎಲ್ಲ ಆಕೆಯದೇ. "ಹುಳಕ್ಕೆ ಸೊಪ್ಪು ಹಾಕುದ್ರೆ ಗೂಡು ಕೊಡ್ತವೆ. ಇವು ಏನ್ ಕೊಡ್ತವೆ ಹೇಳಿ ಮೇಡಂ? ಕರೆಂಟ್ ಬಿಲ್ಲು" ಎಂದು ನಗುತ್ತಿದ್ದರು. ಆದರೆ ಒಂದು ಹವಳ ಮುದುಡಿಕೊಂಡರೆ ನನಗೆ ಮೊದಲು ಫೋನ್ ಬರುತ್ತಿದ್ದದ್ದು ಆಕೆಯಿಂದಲೇ.

ಹವಳಕ್ಕೆ ಕ್ಯಾಲ್ಸಿಯಂ ಬೇಕು. ಅದಕ್ಕಾಗಿ ಶುದ್ಧ ಸುಣ್ಣದ ಪುಡಿಯನ್ನು ನೀರಿನಲ್ಲಿ ಕದಡಿ, ತಿಳಿಯಾದ ಮೇಲಿನ ನೀರನ್ನು ಹನಿಹನಿಯಾಗಿ ತೊಟ್ಟಿಗೆ ಬಿಡುತ್ತೇವೆ. ದಿನಕ್ಕೆ ಎಂಟು ಲೀಟರ್ ನೀರಿಗೆ ಎರಡು ಚಮಚ. ಪುಡಿ ನಾನೇ ತರಿಸಿಕೊಡುತ್ತಿದ್ದೆ.

ಆಗಸ್ಟ್‌ನಲ್ಲಿ ರಾಜಣ್ಣ ಕಣ್ಣಿನ ಆಪರೇಷನ್‌ಗೆಂದು ಮೈಸೂರಿಗೆ ಹೋದರು. ಒಂದು ಸೋಮವಾರ ನಾನು ರಾಮನಗರದ ಇನ್ನೊಂದು ಮನೆಯ ತೊಟ್ಟಿಯಲ್ಲಿ ಮೊಣಕೈವರೆಗೆ ಕೈಯಿಟ್ಟಿದ್ದಾಗ ಸುನಂದಮ್ಮನ ಫೋನ್ ಬಂತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ.

"ಮೇಡಂ, ನೀವ್ ಕೊಟ್ಟಿದ್ ಡಬ್ಬ ಖಾಲಿ ಆಗೋಯ್ತು. ಹುಳದ ಮನೇಲಿ ಸುಣ್ಣದ್ ಪುಡಿ ಐತೆ, ಅದ್ನೇ ಒಸಿ ಹಾಕ್ಲಾ?"

"ಸುಣ್ಣ ತಾನೇ? ಹಾಕಿ, ಏನೂ ಆಗಲ್ಲ."

ಹುಳು ಸಾಕುವ ಮನೆಯಲ್ಲಿ ಎರಡು ಬಿಳಿ ಪುಡಿಗಳಿರುತ್ತವೆ. ಹುಳುಗಳು ಪೊರೆ ಬಿಡಲು ತಯಾರಾಗಿ, ನಮ್ಮ ಕಡೆಯ ಮಾತಿನಲ್ಲಿ ಜ್ವರಕ್ಕೆ ಕೂತಾಗ, ಉದುರಿಸುವುದು ಬರೀ ಸುಣ್ಣ. ಜ್ವರದಿಂದ ಎದ್ದ ಮೇಲೆ, ಸೊಪ್ಪು ಕೊಡುವ ಮೊದಲು, ರೋಗ ಬಾರದಿರಲೆಂದು ಉದುರಿಸುವುದು ಔಷಧಿ ಬೆರೆಸಿದ ಸುಣ್ಣ. ಎರಡನ್ನೂ ಜನ ಸುಣ್ಣವೆಂದೇ ಕರೆಯುತ್ತಾರೆ. ಇದನ್ನು ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಬೇಕಿರಲಿಲ್ಲ. ಮಾಗಡಿಯ ಪಕ್ಕದ ಹಳ್ಳಿಯಲ್ಲಿ, ಚಿಕ್ಕವಳಿದ್ದಾಗ ತೆಳುಬಟ್ಟೆಯಲ್ಲಿ ಆ ಪುಡಿ ಕಟ್ಟಿ ಹುಳುವಿನ ತಟ್ಟೆಗಳ ಮೇಲೆ ಕುಲುಕಿದವಳು ನಾನು. ಯಾವ ಪುಡಿ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಗುರುವಾರ ಹೋದಾಗ ಬಾಗಿಲಲ್ಲೇ ವಾಸನೆ ಬಂತು. ಪಾಚಿ ತಿನ್ನಲೆಂದು ತೊಟ್ಟಿಗೆ ಬಿಟ್ಟಿದ್ದ ಬಸವನಹುಳುಗಳು ಸತ್ತು ತಳದಲ್ಲಿ ಬಿದ್ದಿದ್ದವು. ಹವಳಗಳು ಲೋಳೆಯಾಗಿ ಕಲ್ಲಿನಿಂದ ಕಳಚುತ್ತಿದ್ದವು. ಸೊನ್ನೆ ಇರಬೇಕಾದ ಅಮೋನಿಯಾ ಪರೀಕ್ಷೆಯಲ್ಲಿ ಎರಡು ಪಿಪಿಎಂ ಬಂತು. ಪಕ್ಕದಲ್ಲಿದ್ದ ಪುಡಿಯ ಪೊಟ್ಟಣದ ಮೇಲೆ ಔಷಧಿಯ ಹೆಸರಿತ್ತು. ರಾಜಣ್ಣ ಅಂದೇ ಬೆಳಿಗ್ಗೆ ಮನೆಗೆ ಬಂದಿದ್ದರು. ಕಪ್ಪು ಕನ್ನಡಕ ಎತ್ತಿ ಒಂದೇ ಕಣ್ಣಿನಲ್ಲಿ ತೊಟ್ಟಿ ನೋಡುತ್ತಿದ್ದರು.

"ಇಷ್ಟ್ ವರ್ಸ ಸಾಕಿದ್ದನ್ನ ಮೂರ್ ದಿನಕ್ಕೆ ಬೂದಿ ಮಾಡ್ಬುಟ್ಯಲ್ಲೇ! ಕೇಳಕ್ಕೆ ಬಾಯಿರ್ಲಿಲ್ವಾ ನಿಂಗೆ?"

"ಕೇಳೇ ಹಾಕ್ದೆ ಕಣ್ರೀ. ಮೇಡಮ್ಮೋರ್‌ನ ಕೇಳೇ ಹಾಕ್ದೆ," ಎಂದು ಸುನಂದಮ್ಮ ನನ್ನ ಕಡೆ ತಿರುಗಿದರು.

ನಾನು ಹೇಳಿದೆ: "ಸುಣ್ಣ ಅಂದ್ರಿ. ಔಷಧಿ ಪುಡಿ ಅಂತ ಹೇಳಲಿಲ್ಲವಲ್ಲ."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. "ಇನ್ಮ್ಯಾಲೆ ಇದ್ರ ತಂಟೆಗೆ ಬರ್ಬ್ಯಾಡ ನೀನು" ಎಂದರು ರಾಜಣ್ಣ, ಹೆಂಡತಿಗೆ. ಅರ್ಧದಷ್ಟು ನೀರು ಬದಲಿಸಿ, ವಿಷ ಹೀರಲೆಂದು ಫಿಲ್ಟರ್‌ಗೆ ಇದ್ದಿಲು ತುಂಬಿ, ತೊಟ್ಟಿಯ ಕೆಳಗಿನ ಕಪಾಟಿನಲ್ಲಿದ್ದ ಸರ್ವೀಸ್ ಪುಸ್ತಕದಲ್ಲಿ ನಾನು ಬರೆದೆ: "ಮನೆಯವರು ವಿಚಾರಿಸದೆ ಬೇರೆ ಪುಡಿ ಹಾಕಿದ್ದಾರೆ." ಇದು ಮಾತ್ರ ಶುದ್ಧ ಸುಳ್ಳು.

ಆಮೇಲಿನ ವಾರಗಳಲ್ಲಿ ನನ್ನ ನೆನಪು ತನ್ನ ಕೆಲಸ ಮಾಡಿತು. ಫೋನಿನಲ್ಲಿ "ಬರೀ ಸುಣ್ಣವಾದರೆ ಹಾಕಿ" ಎಂದು ಎಚ್ಚರಿಸಿದ್ದೆ ಎಂದು ನನಗೆ ನಿಜವಾಗಿಯೂ ಅನ್ನಿಸತೊಡಗಿತ್ತು. ಏಳನೇ ವಾರ, ಬೇರೇನೋ ಹುಡುಕಲು ಮನೆಯಲ್ಲಿ ಡೈರಿ ತೆರೆದೆ. ಆ ಸೋಮವಾರದ ಕೆಳಗೆ ನನ್ನದೇ ಅಕ್ಷರ: "ಸಾತನೂರು, ಪುಡಿ ಖಾಲಿ. ಅವರದ್ದೇ ಹಾಕಲು ಹೇಳಿದೆ." ಆ ಸಾಲು ಇರದಿದ್ದರೆ ಇಂದು ನಾನು ಈ ಕಥೆಯನ್ನು ಬೇರೆ ಥರ ಬರೆಯುತ್ತಿದ್ದೆ, ನಂಬಿಯೇ ಬರೆಯುತ್ತಿದ್ದೆ.

ಮರುದಿನ ಸಾತನೂರಿಗೆ ಹೋಗಿ ಇಬ್ಬರನ್ನೂ ಕೂರಿಸಿ, ಯಾವ ಪುಡಿ ಎಂದು ಕೇಳದೆ ಹಾಕಿ ಎಂದವಳು ನಾನೇ ಎಂದು ಹೇಳಿದೆ. ರಾಜಣ್ಣ, "ಹೋಗ್ಲಿ ಬುಡಿ ಮೇಡಂ. ಸತ್ತೋಗಿರೋದು ಬತ್ತದಾ?" ಎಂದರು.

"ನಾನ್ ಮಾಡ್ದಾಗ ಬೂದಿ ಮಾಡ್ಬುಟ್ಯಲ್ಲೇ ಅಂದ್ರಿ, ಇವ್ರು ಮಾಡ್ದಾಗ ಹೋಗ್ಲಿ ಬುಡಿನಾ?" ಎಂದರು ಸುನಂದಮ್ಮ. ಆಕೆ ನನ್ನತ್ತ ತಿರುಗಿ, "ಎಸ್ಸೆಸ್ಸೆಲ್ಸಿ ಪಾಸ್ ಮಾಡಿವ್ನಿ ನಾನು. ಆ ಬುಕ್ಕಲ್ಲಿ ನೀವ್ ಬರ್ದಿದ್ದನ್ನ ಅವತ್ತೇ ಓದ್ದೆ" ಎಂದರು.

ನಾನು ಪುಸ್ತಕ ತೆಗೆದು ಆ ಸಾಲನ್ನು ಹೊಡೆದುಹಾಕಲು ಹೋದೆ.

"ಹೊಡೀಬ್ಯಾಡಿ. ಅದೂ ಇರ್ಲಿ. ಕೆಳಗೆ ಇದ್ನ ಬರೀರಿ."

ಬರೆದೆ. ಆಕೆ ನಿಂತು ಓದಿ, ಕಾಫಿ ತರಲು ಒಳಗೆ ಹೋದರು.

ಬದುಕುಳಿದಿದ್ದ ನಾಲ್ಕೈದು ಅಣಬೆ ಹವಳಗಳು ವರ್ಷದೊಳಗೆ ಕಲ್ಲಿನ ತುಂಬ ಹಬ್ಬಿದವು. ಸುನಂದಮ್ಮ ಮಾತ್ರ ತೊಟ್ಟಿಯ ಬಳಿಗೆ ಮರಳಲಿಲ್ಲ. ರಾಜಣ್ಣ ಎರಡು ಸಲ ಕರೆದರು. ನಾನೂ ಒಮ್ಮೆ ಕೇಳಿದೆ. "ನಂಗ್ ಹುಳ ಸಾಕು ಮೇಡಂ" ಎಂದರು, ಮುನಿಸಿಲ್ಲದ ದನಿಯಲ್ಲಿ.

ಈಗ ಯಾರೇ ಫೋನ್ ಮಾಡಿ ಏನನ್ನಾದರೂ ಹಾಕಲೇ ಎಂದು ಕೇಳಿದರೆ, ಕೈ ಒರೆಸಿಕೊಂಡು ಹೊರಗೆ ಬಂದು, ಪೊಟ್ಟಣದ ಮೇಲಿರುವುದನ್ನು ಓದಿಸಿ ಕೇಳುತ್ತೇನೆ. ನನ್ನ ಉತ್ತರವನ್ನು ಆಗಲೇ ಬರೆದಿಡುತ್ತೇನೆ. ಫೋನಿನಲ್ಲಿ ನಾನು ಹೇಳುವ ಮಾತೂ ತೊಟ್ಟಿಗೆ ನಾನೇ ಹಾಕುವ ಡೋಸ್. ಅದನ್ನು ಅಳೆದು ಹಾಕುವುದನ್ನು ನಾನು ಕಲಿತದ್ದು ತಡವಾಗಿ. ಅಷ್ಟರಲ್ಲಿ ಆ ತೊಟ್ಟಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅದರ ಪಕ್ಕದಿಂದ ಎದ್ದು ಹೋಗಿದ್ದರು.